ಕ್ಲಚ್ ಕವರಿನ ಹತ್ತನೆಯ ಸ್ಕ್ರೂ

ಮೂವತ್ತು ವರ್ಷ ದಾಟಿದ, ಜಪಾನೀ ವಿನ್ಯಾಸದ ಒಂದು ಟೂ-ಸ್ಟ್ರೋಕ್ ಮೋಟಾರ್‌ಸೈಕಲ್ಲಿನ ಬಲಬದಿಯ ಕ್ಲಚ್ ಕವರಿನ ಅಂಚಿನಿಂದ ಗೇರ್ ಆಯಿಲ್ ಜಿನುಗುತ್ತಿತ್ತು. ಗಾಡಿ ನಿಲ್ಲಿಸಿದ ಕಡೆಯಲ್ಲೆಲ್ಲ ಮರುದಿನ ಬೆಳಿಗ್ಗೆ ಅಂಗೈಯಗಲದ ಕಲೆ ಬೀಳತೊಡಗಿದ ಮೇಲೆ, ಕವರಿನ ಅಂಚಿಗೆ ಕೂತು ಎಣ್ಣೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಬದಲಾಯಿಸುವುದೆಂದು ನಿರ್ಧರಿಸಿದೆ. ಕಿಕ್ ಶಾಫ್ಟಿನ ಆಯಿಲ್ ಸೀಲನ್ನೂ ಅದೇ ಕೈಯಲ್ಲಿ ಹಾಕಿಬಿಡಬಹುದೆಂಬುದು ಲೆಕ್ಕಾಚಾರವಾಗಿತ್ತು. ಗ್ಯಾಸ್ಕೆಟ್ ಹಾಕುವುದು ಒಂದು ಗಂಟೆಯ ಕೆಲಸ. ಆದರೆ ಕವರನ್ನು ಹಿಡಿದಿದ್ದ ಹತ್ತು ಸ್ಟಾರ್ ಸ್ಕ್ರೂಗಳು ನಾಲ್ಕು ದಿನ ನುಂಗಿದವು, ಅದರಲ್ಲಿ ಹೆಚ್ಚಿನ ಪಾಲು ಒಂದೇ ಒಂದು ಸ್ಕ್ರೂವಿಗೆ ಹೋಯಿತು.

ಮೊದಲ ತಪ್ಪು ನನ್ನದೇ. ಕೈಗೆ ಸಿಕ್ಕ ಸಾಧಾರಣ ಸ್ಟಾರ್ ಸ್ಕ್ರೂಡ್ರೈವರನ್ನು ಮೊದಲ ಸ್ಕ್ರೂವಿನ ತಲೆಗೆ ಇಟ್ಟು ತಿರುಗಿಸಿದಾಗ ಅದು ಒಮ್ಮೆ ಕರಕರನೆ ಜಾರಿತು, ಜಾರಿದ ಜಾಗದಲ್ಲಿ ಲೋಹದ ಹೊಳೆಯುವ ಸಿಬಿರೊಂದು ಎದ್ದು ನಿಂತಿತು. ಅಲ್ಲಿಗೇ ನಿಲ್ಲಿಸಿ, ಟಾರ್ಚ್ ಹಿಡಿದು ಹತ್ತೂ ತಲೆಗಳನ್ನು ನೋಡಿದೆ. ನನಗಿಂತ ಮೊದಲು ಈ ಕವರನ್ನು ಬಿಚ್ಚಿದವರೂ ಇದೇ ತಪ್ಪು ಮಾಡಿದ್ದರು. ಮೂರು ತಲೆಗಳ ಶಿಲುಬೆಯಾಕಾರದ ಗುಳಿ ಆಗಲೇ ಸವೆದು ದುಂಡಗಾಗುವ ಹಾದಿಯಲ್ಲಿತ್ತು.

ಜಪಾನೀ ವಿನ್ಯಾಸದ ಹಳೆಯ ಎಂಜಿನ್‌ಗಳ ಸ್ಟಾರ್ ಸ್ಕ್ರೂ ನೋಡಲು ಎಲ್ಲೆಡೆ ಸಿಗುವ, ಫಿಲಿಪ್ಸ್ ಎಂಬ ಸಾಧಾರಣ ಸ್ಟಾರ್ ಸ್ಕ್ರೂವಿನಂತೆಯೇ ಇದ್ದರೂ ಅದು ಬೇರೆ ಜಾತಿಯದು. ಅದರ ಗುಳಿ ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್‌ನ ಅಳತೆಗೆ ತಕ್ಕಂತೆ ಮಾಡಿದ್ದು. ಫಿಲಿಪ್ಸ್ ಡ್ರೈವರಿನ ತುದಿ ಆ ಗುಳಿಯ ತಳವನ್ನು ಬೇಗ ಮುಟ್ಟಿಬಿಡುತ್ತದೆ, ಹಾಗಾಗಿ ಅದರ ರೆಕ್ಕೆಗಳು ಗುಳಿಯ ಗೋಡೆಗಳಿಗೆ ಪೂರ್ತಿಯಾಗಿ ಒತ್ತಿ ಕೂರುವುದಿಲ್ಲ. ಬಲ ಹಾಕಿದಾಗ ಡ್ರೈವರು ತಿರುಗುವ ಬದಲು ಮೇಲಕ್ಕೇರಿ ಗುಳಿಯನ್ನು ಕೊರೆಯುತ್ತದೆ. ಹಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಒಂದು ಸಣ್ಣ ಚುಕ್ಕೆಯ ಗುರುತು ಇರುತ್ತದೆ, ಈ ಕವರಿನ ಸ್ಕ್ರೂಗಳಲ್ಲೂ ಎಣ್ಣೆಮಣ್ಣು ಒರೆಸಿದ ಮೇಲೆ ಅದು ಕಾಣಿಸಿತು. ಇನ್ನೊಂದು ಸಂಗತಿ ಅಳತೆಯದು: 6 ಮಿ.ಮೀ. ಸ್ಕ್ರೂಗಳಿಗೆ 3ನೇ ನಂಬರಿನ ತುದಿ ಬೇಕು, ಮನೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು 2ನೇ ನಂಬರಿನದು. ನಾನು ಬಳಸಿದ್ದೂ ಅದನ್ನೇ.

ಎರಡನೆಯ ಬಾರಿಗೆ ಕೂತಾಗ 3ನೇ ನಂಬರಿನ ಜೆಐಎಸ್ ಬಿಟ್ ಮತ್ತು ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಜೊತೆಗಿದ್ದವು. ಈ ಉಪಕರಣದ ಗುಟ್ಟು ಅದರ ತಿರುಗುವ ಬಲದಲ್ಲಿ ಮಾತ್ರ ಇಲ್ಲ. ಸುತ್ತಿಗೆಯ ಏಟು ಬಿಟ್ಟನ್ನು ಗುಳಿಯೊಳಕ್ಕೆ ಒತ್ತುವ ಕ್ಷಣದಲ್ಲೇ ಅದನ್ನು ತಿರುಗಿಸುವುದರಿಂದ, ಬಿಟ್ ಮೇಲೇಳಲು ಅವಕಾಶವೇ ಸಿಗುವುದಿಲ್ಲ. ಸಡಿಲಿಸುವ ದಿಕ್ಕಿಗೆ ಹೊಂದಿಸಿ, ಕೈಯಿಂದ ಒತ್ತಿ, ಅದೇ ದಿಕ್ಕಿಗೆ ಸ್ವಲ್ಪ ತಿರುಗಿಸಿ ಹಿಡಿದು, ಒಂದು ಕಿಲೋ ತೂಕದ ಸುತ್ತಿಗೆಯಿಂದ ಒಂದೇ ಒಂದು ಗಟ್ಟಿ ಏಟು ಕೊಡಬೇಕು. ಅಂಜಿ ಅಂಜಿ ಹತ್ತು ಸಣ್ಣ ಏಟು ಕೊಟ್ಟರೆ ಗುಳಿ ಹಾಳಾಗುತ್ತದೆಯೇ ಹೊರತು ಸ್ಕ್ರೂ ಅಲುಗುವುದಿಲ್ಲ. ಏಳು ಸ್ಕ್ರೂಗಳು ಹೀಗೆ ಬಂದವು, ನಾನು ಕೆಡಿಸಿದ್ದ ಮೊದಲನೆಯದೂ ಅವುಗಳಲ್ಲಿ ಒಂದು.

ಕವರಿನ ಸ್ಕ್ರೂಗಳೆಲ್ಲ ಒಂದೇ ಉದ್ದದವಲ್ಲವಾದ್ದರಿಂದ, ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಚುಚ್ಚಿ, ತೆಗೆದ ಪ್ರತಿಯೊಂದನ್ನೂ ಅದರದರ ಜಾಗದಲ್ಲಿ ಸಿಕ್ಕಿಸಿಟ್ಟೆ. ಉದ್ದದ ಸ್ಕ್ರೂವನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅದು ತಳಕ್ಕೆ ತಾಗಿ ಎಂಜಿನ್ನಿನ ಒಡಲಾದ ಕ್ರ್ಯಾಂಕ್‌ಕೇಸನ್ನೇ ಸೀಳಬಹುದು.

ಎಂಟನೆಯದರ ಗುಳಿ ಅರ್ಧ ಸವೆದಿತ್ತು. ಇಂಥದಕ್ಕೆ ಒಂದು ಹಳೆಯ ಉಪಾಯವಿದೆ: ಚಪ್ಪಟೆ ಮುಖದ ಪಂಚನ್ನು ತಲೆಯ ಮೇಲಿಟ್ಟು ಹೊಡೆದು, ಹೊರಕ್ಕೆ ಎದ್ದ ಲೋಹವನ್ನು ಮತ್ತೆ ಗುಳಿಯೊಳಕ್ಕೆ ತಳ್ಳುವುದು; ಆಮೇಲೆ ಬಿಟ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಅದು ತನಗೆ ಬೇಕಾದ ಹೊಸ ಗುಳಿಯನ್ನು ತಾನೇ ಮಾಡಿಕೊಳ್ಳುತ್ತದೆ. ಈ ಹೊಡೆತಗಳು ಥ್ರೆಡ್‌ನಲ್ಲಿ, ಅಂದರೆ ಸ್ಕ್ರೂವಿನ ಸುತ್ತುಗೆರೆಗಳಲ್ಲಿ, ಕೂತ ಜಂಗನ್ನೂ ಅದುರಿಸುತ್ತವೆ. ಬಿಟ್ಟಿನ ತುದಿಗೆ ವಾಲ್ವ್ ಉಜ್ಜುವ ಪೇಸ್ಟನ್ನು ಒಂದಿಷ್ಟು ಹಚ್ಚಿದೆ, ಅದರ ಹರಳುಗಳು ಜಾರುವುದನ್ನು ತಡೆಯುತ್ತವೆ. ಎರಡನೆಯ ಏಟಿಗೆ ಸ್ಕ್ರೂ ಟಕ್ಕನೆ ಸದ್ದು ಮಾಡಿ ಸಡಿಲವಾಯಿತು.

ಉಳಿದ ಎರಡರಲ್ಲಿ ಗುಳಿ ಎನ್ನುವಂಥದ್ದೇನೂ ಉಳಿದಿರಲಿಲ್ಲ. ಎರಡೂ ಕವರಿನ ಕೆಳಭಾಗದಲ್ಲಿದ್ದವು. ಒಂಬತ್ತನೆಯದು ಹಿಂದೆ, ಹತ್ತನೆಯದು ಮುಂದೆ, ಮುಂದಿನ ಚಕ್ರ ಎರಚುವ ನೀರು ಮತ್ತು ಕೆಸರು ನೇರವಾಗಿ ಬಡಿಯುವ ಜಾಗದಲ್ಲಿ. ಸ್ಕ್ರೂ ಉಕ್ಕಿನದು, ಕವರು ಮತ್ತು ಕ್ರ್ಯಾಂಕ್‌ಕೇಸ್ ಅಲ್ಯೂಮಿನಿಯಂನವು. ಎರಡು ಬೇರೆ ಬೇರೆ ಲೋಹಗಳ ನಡುವೆ ಉಪ್ಪಿನಂಶದ ನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿಯಾಗುತ್ತದೆ. ಸ್ಕ್ರೂವಿನ ಮೇಲಿನ ಸತುವಿನ ಲೇಪ ಇರುವವರೆಗೆ ಅದು ಮೊದಲು ಕರಗುತ್ತದೆ, ಅದು ಮುಗಿದ ಮೇಲೆ ಸರದಿ ಅಲ್ಯೂಮಿನಿಯಂನದು. ಕೊಳೆತ ಅಲ್ಯೂಮಿನಿಯಂ ಬಿಳಿಯ ಪುಡಿಯಾಗಿ, ಮೂಲ ಲೋಹಕ್ಕಿಂತ ಹೆಚ್ಚು ಜಾಗ ತೆಗೆದುಕೊಂಡು, ಸ್ಕ್ರೂವಿನ ಸುತ್ತ ಸಿಮೆಂಟಿನಂತೆ ಬಿಗಿಯುತ್ತದೆ. ಮೂವತ್ತು ವರ್ಷ ಹೀಗೆ ಬಿಗಿದುಕೊಂಡ 6 ಮಿ.ಮೀ. ಸ್ಕ್ರೂವನ್ನು ತಿರುಗಿಸಲು ಬೇಕಾದ ಬಲ, ಆ ಸ್ಕ್ರೂ ತಾಳಿಕೊಳ್ಳಬಲ್ಲ ಬಲಕ್ಕಿಂತ ಹೆಚ್ಚಾಗಿರುವುದು ಅಪರೂಪವಲ್ಲ.

ಇಲ್ಲಿಂದ ಮುಂದೆ ನಾನು ಒಂದು ನಿಯಮ ಹಾಕಿಕೊಂಡೆ: ಯಾವ ಉಪಾಯವನ್ನೇ ಮಾಡಲಿ, ಅದು ಸೋತರೆ ಮುಂದಿನ ಉಪಾಯಕ್ಕೆ ಜಾಗ ಉಳಿದಿರಬೇಕು. ಆದ್ದರಿಂದಲೇ ತಲೆಯ ಅಂಚಿಗೆ ಚಾಣವಿಟ್ಟು ಓರೆಯಾಗಿ ಹೊಡೆಯುವ ದಾರಿಯನ್ನು ಬಿಟ್ಟೆ. ಅದು ಎಷ್ಟೋ ಸಲ ಫಲಿಸುತ್ತದೆ, ನಿಜ. ಆದರೆ ಚಾಣ ಜಾರಿದರೆ ಕವರಿನ ಅಲ್ಯೂಮಿನಿಯಂ ಸೀಳುತ್ತದೆ, ಸೀಳಿದ ಕವರಿಗೆ ಮುಂದಿನ ಉಪಾಯ ಯಾವುದೂ ಇಲ್ಲ. ಜಂಗು ಬಿಡಿಸುವ ಎಣ್ಣೆಯನ್ನು ಎರಡೂ ತಲೆಗಳ ಸುತ್ತ ಬಿಟ್ಟು, ಆಗಾಗ ಪಂಚಿನಿಂದ ತಟ್ಟಿ, ಒಂದು ರಾತ್ರಿ ಹಾಗೇ ಇರಲು ಬಿಟ್ಟೆ. ಬಿಗಿದು ಕೂತ ತಲೆಯ ಅಡಿಯಿಂದ ಎಣ್ಣೆ ಥ್ರೆಡ್‌ವರೆಗೆ ಇಳಿಯುತ್ತದೆಂಬ ದೊಡ್ಡ ಭರವಸೆಯೇನೂ ನನಗಿರಲಿಲ್ಲ.

ಮೂರನೆಯ ದಿನ ಎರಡರ ತಲೆಗಳನ್ನೂ ಡ್ರಿಲ್ ಮಾಡಿ ತೆಗೆದೆ. ಇದನ್ನು ಕೇಳಿದರೆ ಗಾಬರಿಯಾಗುವವರಿದ್ದಾರೆ, ಆದರೆ ಬಿಗಿದ ಸ್ಕ್ರೂಗಳ ವಿಷಯದಲ್ಲಿ ಇದಕ್ಕಿಂತ ಸೌಮ್ಯವಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಸವೆದ ಗುಳಿಯೇ ಡ್ರಿಲ್ಲಿಗೆ ನಡುಗುರುತಾಗುತ್ತದೆ. ಮೊದಲು 3 ಮಿ.ಮೀ., ಆಮೇಲೆ 6 ಮಿ.ಮೀ. ಬಿಟ್ಟಿನಿಂದ ತಲೆಯ ದಪ್ಪದಷ್ಟೇ ಕೊರೆದಾಗ ತಲೆ ಉಂಗುರದಂತೆ ಕಳಚಿ ಬಿಟ್ಟಿಗೆ ಸುತ್ತಿಕೊಂಡು ಬರುತ್ತದೆ. ತಲೆ ಹೋದೊಡನೆ ಸ್ಕ್ರೂವನ್ನು ಎಳೆದು ಹಿಡಿದಿದ್ದ ಬಿಗಿತವೂ ಹೋಗುತ್ತದೆ. ಕವರು ಹೊರಬಂದ ಮೇಲೆ, ಹಿಡಿಯಲು ಬೇಕಾದಷ್ಟು ಉದ್ದದ ಕಡ್ಡಿ ಕ್ರ್ಯಾಂಕ್‌ಕೇಸಿನಿಂದ ಹೊರಗೆ ನಿಂತಿರುತ್ತದೆ. ತಲೆಯನ್ನು ಕಳೆದುಕೊಂಡರೂ ಇಲ್ಲಿ ನಾವು ಮುಂದಿನ ಹಿಡಿತವನ್ನು ಸಂಪಾದಿಸಿರುತ್ತೇವೆ.

ಕವರು ಸುಲಭವಾಗಿ ಬರಲಿಲ್ಲ. ಹತ್ತನೆಯ ಸ್ಕ್ರೂ ಕ್ರ್ಯಾಂಕ್‌ಕೇಸಿನಲ್ಲಿ ಮಾತ್ರವಲ್ಲ, ಕವರಿನ ತೂತಿನಲ್ಲೂ ಬಿಳಿಪುಡಿಯಿಂದ ಬೆಸೆದುಕೊಂಡಿತ್ತು. ಸ್ಕ್ರೂಡ್ರೈವರನ್ನು ಸಂದಿಗೆ ತೂರಿಸಿ ಮೀಟುವ ಆಸೆಯನ್ನು ತಡೆದುಕೊಳ್ಳುವುದು ಇಡೀ ಕೆಲಸದಲ್ಲೇ ಕಷ್ಟದ ಭಾಗವಾಗಿತ್ತು, ಏಕೆಂದರೆ ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಒಂದು ಗೀರು ಬಿದ್ದರೆ ಆಯಿಲ್ ಸೋರಿಕೆ ನಿಲ್ಲಿಸಲು ಹೊರಟವನು ಹೊಸ ಸೋರಿಕೆಯನ್ನು ಕೆತ್ತಿದಂತಾಗುತ್ತದೆ. ನೈಲಾನ್ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತ, ಈಗ ತೆರೆದ ತೂತಿನೊಳಕ್ಕೆ ಮತ್ತೆ ಎಣ್ಣೆ ಬಿಡುತ್ತ ಒಂದು ಗಂಟೆ ಕಳೆದ ಮೇಲೆ ಕವರು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಅದನ್ನು ಹಿಂದುಮುಂದು ಆಡಿಸುತ್ತ ತೆಗೆಯಲು ಐದೇ ನಿಮಿಷ ಸಾಕಾಯಿತು.

ಒಂಬತ್ತನೆಯ ಕಡ್ಡಿಯನ್ನು ಲಾಕಿಂಗ್ ಪ್ಲೈಯರಿನಿಂದ ಹಿಡಿದು ಕಾಲು ಸುತ್ತು ತಿರುಗಿಸಿದೆ, ಮಿಕ್ಕದ್ದು ಬೆರಳಿನಿಂದಲೇ ಬಂತು.

ಅದರ ಉತ್ಸಾಹದಲ್ಲಿ ಹತ್ತನೆಯದಕ್ಕೂ ಪ್ಲೈಯರ್ ಹಾಕಿದೆ. ಮುರಿಯುವ ಮುನ್ನ ಉಕ್ಕು ಕೈಗೆ ಒಂದು ಸುಳಿವು ಕೊಡುತ್ತದೆ. ಥ್ರೆಡ್ ಬಿಡುವಾಗ ಟಕ್ಕೆಂಬ ಸದ್ದು ಬರುತ್ತದೆ, ಇಲ್ಲವೇ ಕಿರುಗುಟ್ಟುತ್ತದೆ; ಸ್ಕ್ರೂ ತಿರುಚಿಕೊಳ್ಳುವಾಗ ಮಾತ್ರ ಯಾವ ಸದ್ದೂ ಇಲ್ಲದೆ, ಒದ್ದೆ ಹಗ್ಗ ಹಿಂಡಿದಂತೆ ಮೆತ್ತಗೆ ತಿರುಗುತ್ತದೆ. ನನ್ನ ಕೈಗೆ ಆ ಮೆತ್ತನೆ ಗೊತ್ತಾಯಿತು. ಗೊತ್ತಾದರೂ ಅದು ಸಡಿಲಾಗುತ್ತಿದೆ ಎಂದೇ ನಂಬಬೇಕೆನಿಸಿತು, ಇನ್ನೊಂದು ಎಳೆತ ಎಳೆದೆ, ಕಡ್ಡಿ ಪ್ಲೈಯರಿನ ಜೊತೆಗೇ ಕೈಗೆ ಬಂತು. ಉಳಿದ ತುಂಡು ಕ್ರ್ಯಾಂಕ್‌ಕೇಸಿನ ಮುಖಕ್ಕಿಂತ ಅರ್ಧ ಮಿ.ಮೀ. ಒಳಗೆ, ಓರೆಯಾಗಿ ಮುರಿದು ನಿಂತಿತ್ತು. ಮೊದಲು ಬಿಸಿ ಮಾಡಿ ಆಮೇಲೆ ತಿರುಗಿಸಬೇಕಿತ್ತು, ನನ್ನದೇ ನಿಯಮವನ್ನು ನಾನೇ ಮುರಿದೆ. ಆ ದಿನ ಅಷ್ಟಕ್ಕೇ ಉಪಕರಣಗಳನ್ನು ಒರೆಸಿಟ್ಟು ಎದ್ದೆ.

ಮುರಿದ ತುಂಡು ತೆಗೆಯಲು ಎಲ್ಲರೂ ಮೊದಲು ಹೇಳುವುದು ಈಜಿ ಔಟ್ ಎಂಬ, ಎಡಸುತ್ತಿನ ಥ್ರೆಡ್ ಇರುವ ಮೊನಚು ಉಪಕರಣವನ್ನು. ತುಂಡಿನಲ್ಲಿ ತೂತು ಕೊರೆದು ಇದನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಅದು ಕಚ್ಚಿಕೊಂಡು ತುಂಡನ್ನು ಹೊರತರಬೇಕು. ಬಲ ಹೆಚ್ಚಾಗಿ ಮುರಿದ ಬೋಲ್ಟಿಗೆ ಇದು ಸರಿ. ಕೊಳೆತು ಬೆಸೆದುಕೊಂಡು ಮುರಿದ ಸಣ್ಣ ಸ್ಕ್ರೂವಿಗೆ ಇದರಷ್ಟು ಅಪಾಯದ್ದು ಬೇರೆ ಇಲ್ಲ. ಪೂರ್ತಿ 6 ಮಿ.ಮೀ. ಸ್ಕ್ರೂವೇ ತಿರುಗಿಸಲಾರದೆ ಮುರಿದ ಮೇಲೆ, ಅದರೊಳಗೆ ಕೊರೆದ ತೂತಿನಲ್ಲಿ ಹಿಡಿಸುವ ಸಣಕಲು ಉಪಕರಣ ಅದನ್ನು ಹೇಗೆ ತಿರುಗಿಸೀತು? ಜೊತೆಗೆ ಅದರ ಮೊನಚಾದ ಆಕಾರ ತುಂಡನ್ನು ಒಳಗಿನಿಂದ ಅಗಲಿಸಿ ಗೋಡೆಗೆ ಇನ್ನಷ್ಟು ಒತ್ತುತ್ತದೆ. ಅದೂ ಒಳಗೇ ಮುರಿದರೆ, ಬಹಳ ಗಡುಸಾದ ಆ ಉಕ್ಕನ್ನು ಸಾಧಾರಣ ಡ್ರಿಲ್ ಬಿಟ್ ಕಚ್ಚುವುದಿಲ್ಲ. ಕಾರ್ಬೈಡ್ ಬಿಟ್ ಅಥವಾ ವಿದ್ಯುತ್ ಕಿಡಿಯಿಂದ ಲೋಹ ಸವೆಸುವ ಯಂತ್ರವೇ ಗತಿ.

ಪಟಿಕದ ದಾರಿಯನ್ನೂ ಯೋಚಿಸಿದೆ. ಪಟಿಕವನ್ನು ಕರಗಿಸಿದ ಬಿಸಿನೀರು ಉಕ್ಕನ್ನು ನಿಧಾನವಾಗಿ ಕರಗಿಸುತ್ತದೆ, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ. ಗಡಿಯಾರ ರಿಪೇರಿ ಮಾಡುವವರು ಹಿತ್ತಾಳೆಯಲ್ಲಿ ಮುರಿದ ಸ್ಕ್ರೂಗಳನ್ನು ಹೀಗೆ ತೆಗೆಯುತ್ತಾರೆ. ಬಿಡಿಭಾಗವಾಗಿದ್ದರೆ ಪಾತ್ರೆಯಲ್ಲಿ ಮುಳುಗಿಸಿಡಬಹುದಿತ್ತು. ಉಕ್ಕಿನ ಗೇರುಗಳೆಲ್ಲ ಒಳಗಿರುವ ಕ್ರ್ಯಾಂಕ್‌ಕೇಸಿಗೆ ಇದು ಆಗದ ಮಾತು. ನಟ್ ಇಟ್ಟು ವೆಲ್ಡ್ ಮಾಡುವುದು ಇನ್ನೊಂದು ಒಳ್ಳೆಯ ದಾರಿ, ವೆಲ್ಡಿಂಗಿನ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಆದರೆ ತುಂಡು ಒಳಗೆ ಇಳಿದಿತ್ತು, ಪಕ್ಕದಲ್ಲೇ ಗ್ಯಾಸ್ಕೆಟ್ಟಿನ ಮುಖವಿತ್ತು, ವೆಲ್ಡಿಂಗಿನಲ್ಲಿ ನನ್ನ ಕೈ ಅಷ್ಟು ನಂಬಿಕೆಯದಲ್ಲ. ಹಾಗಾಗಿ ಕೊರೆದು ತೆಗೆಯುವುದೇ ಉಳಿಯಿತು, ಕೊರೆಯುವುದೆಂದರೆ ಎಲ್ಲವೂ ನಿಂತಿರುವುದು ನಡುಬಿಂದುವಿನ ಮೇಲೆ.

ಓರೆಯಾಗಿ ಮುರಿದ ಮುಖಕ್ಕೆ ಸೆಂಟರ್ ಪಂಚ್ ಇಟ್ಟು ಹೊಡೆದರೆ ಅದು ಇಳಿಜಾರಿನಲ್ಲಿ ಜಾರಿ ಅಂಚಿಗೆ ಹೋಗುತ್ತದೆ. ಡ್ರಿಲ್ ಅಲ್ಲಿಂದ ಹೊರಟರೆ ಗಡುಸಾದ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಂ ಕಡೆಗೇ ವಾಲುತ್ತದೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರ, ಕವರನ್ನೇ ಮಾರ್ಗದರ್ಶಿಯಾಗಿ ಬಳಸುವುದು. ಕವರಿನ ತೂತು 6.5 ಮಿ.ಮೀ. ಇತ್ತು. ಒಂದು ಹಿತ್ತಾಳೆ ಕಡ್ಡಿಯನ್ನು ಲೇತ್‌ನಲ್ಲಿ ಆ ತೂತಿಗೆ ಬಿಗಿಯಾಗಿ ಕೂರುವ ಅಳತೆಗೆ ತಿರುಗಿಸಿ, ಅದರ ನಡುವೆ 3 ಮಿ.ಮೀ. ತೂತು ಹಾಕಿಸಿಕೊಂಡೆ. ಕವರನ್ನು ಮತ್ತೆ, ಅದನ್ನು ಸರಿಯಾದ ಜಾಗದಲ್ಲೇ ನಿಲ್ಲಿಸುವ ಡೋವೆಲ್ ಪಿನ್ನುಗಳ ಮೇಲೆ ಕೂರಿಸಿ ನಾಲ್ಕು ಸ್ಕ್ರೂ ಹಾಕಿದರೆ, ಈ ಹಿತ್ತಾಳೆ ಕೊಳವೆ ತುಂಡಿನ ನಡುವಿಗೇ ಬಂದು ನಿಲ್ಲುತ್ತದೆ. ಡ್ರಿಲ್ ಬಿಟ್ ವಾಲಲು ಬಯಸಿದರೂ ಕೊಳವೆ ಬಿಡುವುದಿಲ್ಲ.

ಕೊರೆಯುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ತೆಗೆದು ದೂರದ ಕೋಣೆಯಲ್ಲಿಟ್ಟೆ, ಏಕೆಂದರೆ ಬಿಸಿ ಮಾಡುವ ಕೆಲಸ ಬಾಕಿ ಇತ್ತು. ಮೂಲ ಸ್ಕ್ರೂವಿನ ಉದ್ದದಿಂದ ಲೆಕ್ಕ ಹಾಕಿದಾಗ ಒಳಗಿದ್ದ ತುಂಡಿನ ಉದ್ದ ಸುಮಾರು 15 ಮಿ.ಮೀ. ಇತ್ತು. ಪಕ್ಕದ ಅಂಥದೇ ತೂತಿನ ಆಳ 18 ಮಿ.ಮೀ.; ತಳ ಮುಚ್ಚಿದ ತೂತಾದ್ದರಿಂದ ಬಿಟ್ಟಿನ ಮೇಲೆ ಟೇಪ್ ಸುತ್ತಿ ಆಳ ಗುರುತು ಮಾಡಿದೆ. ನಿಧಾನವಾದ ವೇಗ, ಹನಿ ಹನಿ ಎಣ್ಣೆ, ಎರಡು ಮೂರು ಮಿ.ಮೀ.ಗೊಮ್ಮೆ ಬಿಟ್ ಹೊರತೆಗೆದು ಚೂರು ಒರೆಸುವುದು. 3 ಮಿ.ಮೀ. ತೂತು ತುಂಡಿನ ಉದ್ದಕ್ಕೂ ನೇರವಾಗಿ ಇಳಿಯಿತು. ಕವರು ತೆಗೆದು, ಕ್ಲಚ್ಚಿನ ಸುತ್ತ ಬಟ್ಟೆ ತುಂಬಿ ನೋಡಿದಾಗ ತೂತು ಕಣ್ಣಿಗೆ ನಡುವಿನಲ್ಲೇ ಕಂಡಿತು.

ಆಮೇಲೆ ಬಿಸಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಲೆಕ್ಕ ಹಾಕಿದರೆ 100 ಡಿಗ್ರಿ ಸೆಲ್ಸಿಯಸ್ ಏರಿಕೆಗೆ 6 ಮಿ.ಮೀ. ತೂತು ಸ್ಕ್ರೂವಿಗಿಂತ ಹೆಚ್ಚಾಗಿ ಅಗಲವಾಗುವುದು 0.007 ಮಿ.ಮೀ.ನಷ್ಟು, ಅಂದರೆ ತಲೆಗೂದಲಿನ ದಪ್ಪದ ಹತ್ತನೆಯ ಒಂದು ಪಾಲು. ಇಷ್ಟರಿಂದ ಸ್ಕ್ರೂ ಸಡಿಲವಾಗಿ ಬೀಳುವುದಿಲ್ಲ, ಆದರೆ ಬಿಳಿಪುಡಿಯ ಸಿಮೆಂಟು ಬಿರುಕು ಬಿಡಲು ಇಷ್ಟು ಸಾಕು. ಬಿಸಿಯಾದ ಅಲ್ಯೂಮಿನಿಯಂ ಉಕ್ಕಿನಂತೆ ಕೆಂಪಾಗಿ ಎಚ್ಚರಿಸುವುದಿಲ್ಲ, ಬಣ್ಣ ಬದಲಾಯಿಸದೆಯೇ ಕರಗಿಬಿಡುತ್ತದೆ. ಅದಕ್ಕೇ ಗ್ಯಾಸಿನ ಜ್ವಾಲೆ ಬೇಡವೆಂದು ಹೀಟ್ ಗನ್ ಹಿಡಿದೆ. ದೂರದಿಂದ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಮಾಪಕ ಹೊಳೆಯುವ ಅಲ್ಯೂಮಿನಿಯಂ ಮೇಲೆ ತೀರ ಕಡಿಮೆ ತೋರಿಸುತ್ತದಾದ್ದರಿಂದ, ಪಕ್ಕದಲ್ಲಿ ಕಪ್ಪು ಮಾರ್ಕರಿನಿಂದ ಒಂದು ಮಚ್ಚೆ ಬರೆದು ಅಲ್ಲಿ ಅಳೆದೆ. 150 ಡಿಗ್ರಿ ಮುಟ್ಟಿದಾಗ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಬಿಸಿ ಮಾಡಿದೆ. ಸಾಮಾನ್ಯ ನೈಟ್ರೈಲ್ ರಬ್ಬರಿನ ಆಯಿಲ್ ಸೀಲುಗಳು ಇಂಥ ಬಿಸಿಯನ್ನು ತಾಳುವುದಿಲ್ಲ. ಕಿಕ್ ಶಾಫ್ಟಿನ ಸೀಲು ಕವರಿನ ಜೊತೆಗೆ ಹೊರಗಿತ್ತು, ಆ ಜಾಗದ ಹತ್ತಿರ ಬೇರೆ ಸೀಲು ಇರಲಿಲ್ಲ.

ಬಿಸಿಯಾಗಿರುವಾಗಲೇ 4 ಮಿ.ಮೀ.ನ ಎಡಸುತ್ತಿನ ಡ್ರಿಲ್ ಬಿಟ್ ಹಾಕಿ ಡ್ರಿಲ್ಲನ್ನು ಹಿಂದಕ್ಕೆ ಓಡಿಸಿದೆ. ಈ ಬಿಟ್ ಕೊರೆಯುವ ದಿಕ್ಕೇ ಸ್ಕ್ರೂ ಬಿಚ್ಚುವ ದಿಕ್ಕು, ಹಾಗಾಗಿ ಬಿಟ್ ಎಲ್ಲಾದರೂ ಕಚ್ಚಿಕೊಂಡರೆ ಲಾಭವೇ. ಕಚ್ಚಿಕೊಳ್ಳದಿದ್ದರೂ ನಷ್ಟವಿಲ್ಲ, ತೂತು ಮುಂದಿನ ಹಂತಕ್ಕೆ ಅಗಲವಾಗಿರುತ್ತದೆ. ಇಲ್ಲಿ ಅದು ಕಚ್ಚಿಕೊಳ್ಳಲಿಲ್ಲ, ಸುಮ್ಮನೆ ಕೊರೆದುಕೊಂಡು ಹೋಯಿತು. 4.5 ಮಿ.ಮೀ. ಬಿಟ್ ಹಾಕಿದಾಗ ತೂತಿನ ಬಾಯಿಯಲ್ಲಿ ಕಂದು ಪುಡಿ ಎದ್ದು ತುಂಡು ಕಾಲು ಸುತ್ತು ತಿರುಗಿ ನಿಂತಿತು, ಆಮೇಲೆ ಮೊಂಡು ಬಿತ್ತು. ಎಂ6, ಅಂದರೆ 6 ಮಿ.ಮೀ. ಸ್ಕ್ರೂವಿನ ಥ್ರೆಡ್‌ನ ತಳದ ವ್ಯಾಸ ಸುಮಾರು 4.8 ಮಿ.ಮೀ. ಆದ್ದರಿಂದ 4.8 ಮಿ.ಮೀ. ಬಿಟ್ಟಿನಿಂದ ಕೊರೆದ ಮೇಲೆ ಉಕ್ಕಿನದಾಗಿ ಉಳಿದದ್ದು ಥ್ರೆಡ್ ಮಾತ್ರ. ಮೊನಚಾದ ಸೂಜಿಯಿಂದ ಅದರ ತುದಿಯನ್ನು ಎಬ್ಬಿಸಿ, ಸಣ್ಣ ಇಕ್ಕುಳದಿಂದ ಹಿಡಿದು ಒಳಮುಖವಾಗಿ ಮಡಚಿ ಎಳೆದಾಗ, ಪೆನ್ನಿನ ಸ್ಪ್ರಿಂಗಿನಂತೆ ಸುರುಳಿಯಾಗಿ ಏಳೆಂಟು ಸುತ್ತು ಒಟ್ಟಿಗೆ ಹೊರಬಂತು. ಆ ಕ್ಷಣದ ಖುಷಿಯನ್ನು ಇಲ್ಲಿ ವರ್ಣಿಸಲು ಹೋಗುವುದಿಲ್ಲ.

ತೂತಿನಲ್ಲಿ ಥ್ರೆಡ್ ಕೊರೆಯುವ ಎಂ6 ಟ್ಯಾಪನ್ನು ಕೈಯಲ್ಲಿ ತಿರುಗಿಸಿ ಥ್ರೆಡ್ ಸ್ವಚ್ಛ ಮಾಡಿದಾಗ ಟ್ಯಾಪಿನ ಜೊತೆ ಬಂದದ್ದು ಬಿಳಿಪುಡಿ ಮತ್ತು ಅಲ್ಯೂಮಿನಿಯಂ ಚೂರು. ಮೇಲಿನ ಮೂರು ನಾಲ್ಕು ಸುತ್ತುಗಳು ಕೊಳೆತು ಹೋಗಿದ್ದವು, ಅದರಲ್ಲಿ ಡ್ರಿಲ್ಲಿನ ತಪ್ಪಿರಲಿಲ್ಲ. ಸ್ಕ್ರೂ ಹಾಕಿ ನಿಧಾನವಾಗಿ ಬಿಗಿದು ನೋಡಿದೆ. ತಿರುಗಿಸುವ ಬಲ 6 ನ್ಯೂಟನ್ ಮೀಟರ್ ದಾಟುತ್ತಲೇ ಅದೇ ಮೆತ್ತನೆಯ ಅನುಭವ ಕೈಗೆ ಬಂತು. ಈ ಸಲ ಕೈಯ ಮಾತು ಕೇಳಿದೆ. ಹೆಲಿಕಾಯಿಲ್ ಎಂಬ, ಹಾಳಾದ ಥ್ರೆಡ್‌ನ ಬದಲಿಗೆ ಕೂರಿಸುವ ತಂತಿಯ ಸುರುಳಿ ಹಾಕಲು ತೂತನ್ನು 6.3 ಮಿ.ಮೀ.ಗೆ ಅಗಲಿಸಿ, ಅದರ ಜೊತೆ ಬರುವ ವಿಶೇಷ ಟ್ಯಾಪಿನಿಂದ ಥ್ರೆಡ್ ಕೊರೆದೆ. ಟ್ಯಾಪಿನ ಉದ್ದುದ್ದ ತೋಡುಗಳಿಗೆ ಗ್ರೀಸ್ ತುಂಬಿದರೆ ಚೂರುಗಳು ಅದಕ್ಕೇ ಅಂಟಿ ಹೊರಬರುತ್ತವೆ. 9 ಮಿ.ಮೀ. ಉದ್ದದ ಸುರುಳಿಯನ್ನು ಮುಖಕ್ಕಿಂತ ಅರ್ಧ ಸುತ್ತು ಕೆಳಗೆ ನಿಲ್ಲುವಂತೆ ಇಳಿಸಿ, ಅದರ ತಳದ ನಾಲಗೆಯನ್ನು ಪಂಚಿನಿಂದ ಮುರಿದು, ಗ್ರೀಸ್ ಹಚ್ಚಿದ ತಂತಿಯ ತುದಿಗೆ ಅಂಟಿಸಿ ಹೊರತೆಗೆದೆ. ಆ ನಾಲಗೆ ಕಣ್ಣಿಗೆ ಕಾಣುವವರೆಗೆ ಕವರು ಮುಚ್ಚಬಾರದು, ಅದು ಗೇರುಗಳ ನಡುವೆ ಬಿದ್ದರೆ ಇಷ್ಟೂ ಶ್ರಮ ವ್ಯರ್ಥ.

ಹೊಸ ಸ್ಕ್ರೂಗಳ ಬದಲು ಅಷ್ಟೇ ಉದ್ದದ, 8.8 ದರ್ಜೆಯ, ಸತು ಲೇಪದ ಅಲೆನ್ ಬೋಲ್ಟುಗಳನ್ನು ಹಾಕಿದೆ. ಹೊಳೆಯುವ ಸ್ಟೇನ್‌ಲೆಸ್ ಬೋಲ್ಟುಗಳ ಸೆಟ್ಟು ಚೆನ್ನಾಗಿ ಕಾಣುತ್ತದೆ, ಆದರೆ ಅದಕ್ಕೆ ಅಲ್ಯೂಮಿನಿಯಂಗಿಂತ ಮೊದಲು ಕರಗುವ ಸತುವಿನ ಲೇಪ ಇರುವುದಿಲ್ಲ. ಕೆಸರು ಬಡಿಯುವ ಜಾಗಕ್ಕೆ ಅದನ್ನು ನಾನು ಹಾಕುವುದಿಲ್ಲ. ಪ್ರತಿ ಬೋಲ್ಟಿನ ಥ್ರೆಡ್‌ಗೂ, ಕವರಿನ ತೂತಿನಲ್ಲಿ ಕೂರುವ ನುಣುಪು ಭಾಗಕ್ಕೂ, ಲೋಹಗಳು ಮತ್ತೆ ಬೆಸೆದುಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಹಚ್ಚಿದೆ. ಅದು ಘರ್ಷಣೆಯನ್ನು ಕಡಿಮೆ ಮಾಡುವುದರಿಂದ, ಸಾಮಾನ್ಯವಾಗಿ ಎಂ6ಗೆ ಹೇಳುವ 10 ನ್ಯೂಟನ್ ಮೀಟರ್ ಬದಲು 8ಕ್ಕೆ ನಿಲ್ಲಿಸಿ, ಎದುರುಬದುರು ಕ್ರಮದಲ್ಲಿ ಎರಡು ಸುತ್ತಿನಲ್ಲಿ ಬಿಗಿದೆ. ಹತ್ತನೆಯದನ್ನು ಕೊನೆಗೆ ಬಿಗಿದಾಗ ಟಾರ್ಕ್ ರೆಂಚು ಉಳಿದವುಗಳಂತೆಯೇ ಕ್ಲಿಕ್ ಎಂದಿತು.

ಗೇರ್ ಆಯಿಲ್ ತುಂಬಿ, ಕವರಿನ ಅಂಚಿನುದ್ದಕ್ಕೂ ಸೀಮೆಸುಣ್ಣದ ಪುಡಿ ಹಚ್ಚಿ, ಗಾಡಿಯನ್ನು ಅರ್ಧ ಗಂಟೆ ಓಡಿಸಿ ತಂದು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಪುಡಿ ಎಲ್ಲ ಕಡೆಯೂ ಬೆಳ್ಳಗೇ ಇತ್ತು. ಕಿಕ್ ಶಾಫ್ಟಿನ ಅಡಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಒಂದು ಹನಿ ಕಂಡಿತು. ಒರೆಸಿ ಮತ್ತೆ ಪುಡಿ ಹಚ್ಚಿದ್ದೇನೆ. ಅದು ಸೀಲ್ ಕೂರಿಸುವಾಗ ಹಚ್ಚಿದ ಎಣ್ಣೆಯೋ, ಸೀಲೇ ಸರಿಯಾಗಿ ಕೂತಿಲ್ಲವೋ ನಾಳೆಗೆ ತಿಳಿಯುತ್ತದೆ.